ವಿಶ್ವವಿದ್ಯಾನಿಲಯದ ದಫ್ತರ ಮತ್ತು ನಮ್ಮ ಮನೆಯ ಟ್ರಂಕು

ಉಪನಗರದಲ್ಲಿದ್ದ ನಮ್ಮ ಹಳೆಯ ಕಟ್ಟಡ ಪುನರ್ನಿರ್ಮಾಣಕ್ಕೆ ಹೋದಾಗ, ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ನಾವೊಂದು ತಪ್ಪು ಮಾಡಿದೆವು. ಅಟ್ಟದ ಮೇಲಿದ್ದ ದೊಡ್ಡಪ್ಪನವರ ತಗಡಿನ ಟ್ರಂಕಿನಿಂದ ಅವರ ಪದವಿ ಪತ್ರವೊಂದನ್ನು ಮಾತ್ರ ತೆಗೆದಿರಿಸಿಕೊಂಡು, ಉಳಿದ ಕಾಗದಗಳನ್ನೆಲ್ಲ ರದ್ದಿಯವನಿಗೆ ತೂಗಿ ಕೊಟ್ಟೆವು. ಕಾಲೇಜಿನ ಶುಲ್ಕದ ರಸೀದಿಗಳು, ಪ್ರಶ್ನೆಪತ್ರಿಕೆಗಳು, ಖಾನಾವಳಿಯ ಲೆಕ್ಕದ ವಹಿ, ಊರಿನಿಂದ ಬಂದ ಕಾರ್ಡುಗಳು ಎಲ್ಲವೂ ಅದರಲ್ಲಿದ್ದವು. ಬ್ಯಾಂಕಿನ ನೌಕರಿಯಲ್ಲಿ ಮೂರು ದಶಕ ಕಳೆದ ನಮಗೆ ಅದು ತಪ್ಪೆಂದು ಅಂದು ತೋರಲಿಲ್ಲ. ಬ್ಯಾಂಕುಗಳಲ್ಲಿ 1985ರ ನಿಯಮಗಳ ಪ್ರಕಾರ ಕೆಲವು ದಾಖಲೆಗಳನ್ನು 5 ವರ್ಷ, ಇನ್ನು ಕೆಲವನ್ನು 8 ವರ್ಷ ಕಾಯ್ದಿರಿಸಬೇಕು. ಅವಧಿ ಮುಗಿದ ಕಾಗದವು ಕೇವಲ ಹೊರೆ ಎಂಬ ವೃತ್ತಿಬುದ್ಧಿ ಮನೆಯಲ್ಲಿಯೂ ಕೆಲಸ ಮಾಡಿತು.

ಕೆಲವು ತಿಂಗಳ ಅನಂತರ ಮನೆಯ ಹುಡುಗನೊಬ್ಬ ಆ ಪದವಿ ಪತ್ರವನ್ನು ನೋಡಿ, "ದೊಡ್ಡಜ್ಜ ಓದಿದ್ದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಅನ್ನುತ್ತೀರಿ. ಇದರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯ ಅಂತ ಯಾಕಿದೆ?" ಎಂದು ಕೇಳಿದ. ಈ ಪ್ರಶ್ನೆಗೆ ಉತ್ತರ ಹುಡುಕಹೊರಟಾಗಲೇ, ಒಂದು ವಿಶ್ವವಿದ್ಯಾನಿಲಯದ ಇತಿಹಾಸವು ಯಾವ ಯಾವ ಕಾಗದಗಳಲ್ಲಿ ಅಡಗಿರುತ್ತದೆ ಎಂಬುದು ನಮಗೆ ತಿಳಿಯತೊಡಗಿತು.

ಮುಂಬಯಿ ವಿಶ್ವವಿದ್ಯಾನಿಲಯವು ಸ್ಥಾಪನೆಯಾದುದು 1857ರ ಜುಲೈ 18ರಂದು. ಅದೇ ವರ್ಷ ಕಲಕತ್ತಾ ಮತ್ತು ಮದರಾಸುಗಳಲ್ಲಿಯೂ ವಿಶ್ವವಿದ್ಯಾನಿಲಯಗಳು ಹುಟ್ಟಿದವು. ಆರಂಭದಲ್ಲಿ ಅದು ಪಾಠ ಹೇಳುವ ಸಂಸ್ಥೆಯಾಗಿರಲಿಲ್ಲ. ಕಾಲೇಜುಗಳನ್ನು ಮಾನ್ಯ ಮಾಡಿ, ಪರೀಕ್ಷೆ ನಡೆಸಿ, ಪದವಿ ನೀಡುವ ಸಂಸ್ಥೆಯಾಗಿತ್ತು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ, ಅಲ್ಲಿನ ಕನ್ನಡಿಗರ ಉನ್ನತ ಶಿಕ್ಷಣದ ದಾರಿ ಈ ವಿಶ್ವವಿದ್ಯಾನಿಲಯದ ಮೂಲಕವೇ ಹಾದುಹೋಗುತ್ತಿತ್ತು. 1917ರಲ್ಲಿ ಧಾರವಾಡದ ಕರ್ನಾಟಕ ಕಾಲೇಜು, 1933ರಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜು ಆರಂಭವಾದರೂ ಪದವಿಯ ಮುದ್ರೆ ಮುಂಬಯಿಯದೇ ಆಗಿತ್ತು. ಕರ್ನಾಟಕ ಕಾಲೇಜು ಹುಟ್ಟುವ ಮುನ್ನ ಪದವಿಯ ಆಸೆಯುಳ್ಳವರು ಪುಣೆಗೋ ಮುಂಬಯಿಗೋ ಬರಬೇಕಿತ್ತು. ಆಲೂರ ವೆಂಕಟರಾಯರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದರು. ವಚನ ಸಾಹಿತ್ಯವನ್ನು ಬೆಳಕಿಗೆ ತಂದ ಫ. ಗು. ಹಳಕಟ್ಟಿಯವರು ಮುಂಬಯಿಯಲ್ಲಿ ಓದಿ ವಕೀಲರಾದರು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯವು ಹುಟ್ಟಿದ್ದೂ ಮುಂಬಯಿಯಲ್ಲಿಯೇ. ಮರುವರ್ಷ ಅದು ಧಾರವಾಡಕ್ಕೆ ಸ್ಥಳಾಂತರಗೊಂಡಿತು. ಹುಡುಗನ ಪ್ರಶ್ನೆಗೆ ಉತ್ತರವಿಷ್ಟು: 1940ರ ದಶಕದಲ್ಲಿ ಓದಿದ ದೊಡ್ಡಪ್ಪನವರಿಗೆ ಬೇರೆ ವಿಶ್ವವಿದ್ಯಾನಿಲಯವೇ ಇರಲಿಲ್ಲ.

ಹಾಗಾಗಿ ಕೋಟೆ ಪ್ರದೇಶದ ಆ ಗೋಪುರದ ಕೆಳಗಿನ ದಫ್ತರವು ಮುಂಬಯಿಗರ ಇತಿಹಾಸದಂತೆಯೇ ಉತ್ತರ ಕರ್ನಾಟಕದ ಇತಿಹಾಸವೂ ಹೌದು.

ಇಂತಹ ದಫ್ತರದಲ್ಲಿ ಏನಿರುತ್ತದೆ? ಗ್ರಂಥಾಲಯಕ್ಕೂ ಪತ್ರಾಗಾರಕ್ಕೂ ಭೇದವಿದೆ. ಗ್ರಂಥಾಲಯದ ಪುಸ್ತಕ ಓದುಗರಿಗೆಂದೇ ಬರೆದದ್ದು. ಅದರ ಬೇರೆ ಪ್ರತಿಗಳೂ ಇರುತ್ತವೆ. ಪತ್ರಾಗಾರದ ಕಾಗದ ಕೆಲಸ ಸಾಗಲೆಂದು ಬರೆದದ್ದು. ಬಹುಮಟ್ಟಿಗೆ ಅದೊಂದೇ ಪ್ರತಿ. ವಿಶ್ವವಿದ್ಯಾನಿಲಯದ ಮಟ್ಟಿಗೆ ಇವುಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು, ನಿಯಮಗಳು, ಪಠ್ಯಕ್ರಮ, ಕಾಲೇಜುಗಳ ವಿವರವುಳ್ಳ ಮುದ್ರಿತ ಕ್ಯಾಲೆಂಡರುಗಳು. ಎರಡನೆಯದು, ಸೆನೆಟ್ ಮತ್ತು ಸಿಂಡಿಕೇಟ್ ಸಭೆಗಳ ನಡಾವಳಿಗಳು. ಮೂರನೆಯದು, ಪರೀಕ್ಷೆ ಮತ್ತು ಪದವಿಗಳ ದಾಖಲೆ ಪುಸ್ತಕಗಳು. ನಾಲ್ಕನೆಯದು, ದಾನಪತ್ರಗಳು, ಕಟ್ಟಡದ ನಕ್ಷೆಗಳು ಹಾಗೂ ಪತ್ರವ್ಯವಹಾರ. ಇವುಗಳ ಜೊತೆಗೆ ಸರಕಾರದ ಶಿಕ್ಷಣ ಇಲಾಖೆಯ ಕಡತಗಳೂ ಇವೆ. 1821ರಲ್ಲಿ ಆರಂಭವಾದ ಮುಂಬಯಿ ದಫ್ತರಖಾನೆಯೇ ಮುಂದೆ ಮಹಾರಾಷ್ಟ್ರದ ರಾಜ್ಯ ಪತ್ರಾಗಾರವಾಯಿತು.

ಒಂದೊಂದು ಬಗೆಯ ಕಾಗದವೂ ಒಂದೊಂದು ಸಂಗತಿಯನ್ನು ಹೇಳುತ್ತದೆ. ಪರೀಕ್ಷೆಯ ದಾಖಲೆಗಳನ್ನೇ ನೋಡಿ. 1859ರ ಮೊದಲ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಕುಳಿತವರು 132 ಮಂದಿ. ತೇರ್ಗಡೆಯಾದವರು 22 ಮಂದಿ. 1862ರಲ್ಲಿ ಹೊರಬಂದ ಪ್ರಥಮ ಬಿ.ಎ. ಪದವೀಧರರು ನಾಲ್ವರು. ಅವರಲ್ಲಿ ಮಹಾದೇವ ಗೋವಿಂದ ರಾನಡೆ ಮತ್ತು ರಾಮಕೃಷ್ಣ ಗೋಪಾಳ ಭಾಂಡಾರಕರರ ಹೆಸರುಗಳನ್ನು ಅರಿಯದವರಿಲ್ಲ.

ದಾನಪತ್ರಗಳ ಕಥೆ ಬ್ಯಾಂಕಿನವರಾದ ನಮ್ಮನ್ನು ವಿಶೇಷವಾಗಿ ಸೆಳೆಯಿತು. ಹತ್ತಿಯ ವ್ಯಾಪಾರ ಉತ್ತುಂಗದಲ್ಲಿದ್ದ 1864ರಲ್ಲಿ ಪ್ರೇಮಚಂದ ರಾಯಚಂದರು ಗ್ರಂಥಾಲಯಕ್ಕೆ 2 ಲಕ್ಷ ರೂಪಾಯಿ, ಗಡಿಯಾರ ಗೋಪುರಕ್ಕೆ 2 ಲಕ್ಷ ರೂಪಾಯಿ ಕೊಟ್ಟರು. ಗೋಪುರಕ್ಕೆ ತಮ್ಮ ತಾಯಿ ರಾಜಾಬಾಯಿಯವರ ಹೆಸರಿಡಬೇಕೆಂಬುದು ಅವರ ಅಪೇಕ್ಷೆ. ಮರುವರ್ಷ ಅಮೆರಿಕದ ಅಂತರ್ಯುದ್ಧ ಮುಗಿದು ಹತ್ತಿಯ ಬೆಲೆ ಕುಸಿಯಿತು. ಅದರೊಂದಿಗೆ ಮುಂಬಯಿಯ ಶೇರುಪೇಟೆಯೂ ಪ್ರೇಮಚಂದರ ಸಂಪತ್ತೂ ಕುಸಿದವು. ಆದರೆ ಕೊಟ್ಟ ಹಣ ವಿಶ್ವವಿದ್ಯಾನಿಲಯದ ಲೆಕ್ಕದಲ್ಲಿ ಭದ್ರವಾಗಿತ್ತು. 1869ರಲ್ಲಿ ಆರಂಭವಾದ ಕೆಲಸ 1878ರಲ್ಲಿ ಮುಗಿದು, 280 ಅಡಿ ಎತ್ತರದ ಗೋಪುರ ನಿಂತಿತು. 2018ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮುಂಬಯಿಯ ಕಟ್ಟಡ ಸಮುಚ್ಚಯದಲ್ಲಿ ಇದೂ ಒಂದು. ಧನಿಕನ ಸಿರಿ ಹೋಯಿತು. ಬರೆದಿಟ್ಟ ಮಾತು ಉಳಿಯಿತು.

ಕ್ಯಾಲೆಂಡರು ತೀರ್ಮಾನವನ್ನು ಮಾತ್ರ ತಿಳಿಸುತ್ತದೆ. ತೀರ್ಮಾನದ ಹಿಂದಿನ ವಾದ ವಿವಾದಗಳನ್ನು ಅರಿಯಬೇಕಾದರೆ ನಡಾವಳಿಗಳನ್ನೇ ಓದಬೇಕು. 1860ರ ದಶಕದಲ್ಲಿ ದೇಶಭಾಷೆಗಳು ಪದವಿ ಪರೀಕ್ಷೆಗಳಿಂದ ಹೊರಬಿದ್ದವು. ಸಂಸ್ಕೃತ, ಲ್ಯಾಟಿನ್‌ನಂತಹ ಪ್ರಾಚೀನ ಭಾಷೆಗಳಿಗೆ ಮನ್ನಣೆ ದೊರೆಯಿತು. ಇವನ್ನು ಮರಳಿ ತರಲು ಸೆನೆಟ್ಟಿನಲ್ಲಿ ಬಹುಕಾಲ ವಾದಿಸಿದವರು ರಾನಡೆಯವರು. 1901ರ ಜನವರಿಯಲ್ಲಿ ಅವರು ನಿಧನರಾದರು. ಅದೇ ವರ್ಷ ಎಂ.ಎ. ಪರೀಕ್ಷೆಯಲ್ಲಿ ದೇಶಭಾಷೆಗಳಿಗೆ ಸ್ಥಾನ ದೊರೆಯಿತು. ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಇಂದು ಕನ್ನಡ ವಿಭಾಗವಿರುವುದನ್ನು ಸಹಜವೆಂದು ಭಾವಿಸುವ ನಾವು ಈ ಹಿನ್ನೆಲೆಯನ್ನು ನೆನೆಯಬೇಕು.

ದಾಖಲೆಗಳು ಸಂಸ್ಥೆಯ ಕೀರ್ತಿಯನ್ನಷ್ಟೇ ಅಲ್ಲ, ಅದರ ಕೊರತೆಯನ್ನೂ ಕಾಪಾಡುತ್ತವೆ. 1875ರಲ್ಲಿ ಹುಡುಗಿಯೊಬ್ಬಳಿಗೆ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಕೂರಲು ಅನುಮತಿ ಕೋರಿದಾಗ, ನಿಯಮಗಳಲ್ಲಿ ಪುಲ್ಲಿಂಗದ ಸರ್ವನಾಮವಷ್ಟೇ ಇದೆಯೆಂಬ ಕಾರಣದಿಂದ ಅದು ಸಾಧ್ಯವಾಗಲಿಲ್ಲ. 1883ರಲ್ಲಿ ಆ ಸರ್ವನಾಮವು ಸ್ತ್ರೀಯರಿಗೂ ಅನ್ವಯಿಸುವುದೆಂದು ತೀರ್ಮಾನವಾದ ಮೇಲೆ ಬಾಗಿಲು ತೆರೆಯಿತು. ಒಂದು ಚಿಕ್ಕ ಪದ ಎಂಟು ವರ್ಷ ಹೆಣ್ಣುಮಕ್ಕಳನ್ನು ಹೊರಗೆ ನಿಲ್ಲಿಸಿತ್ತು. ಆ ಕಾಗದಗಳು ಉಳಿಯದಿದ್ದರೆ ಇದು ಯಾರಿಗೆ ತಿಳಿಯುತ್ತಿತ್ತು?

ಈ ದಾಖಲೆಗಳ ಬೆಲೆಯನ್ನು ಅರಿತವರಲ್ಲಿ ವಿಶ್ವವಿದ್ಯಾನಿಲಯದ ಕುಲಸಚಿವರಾಗಿದ್ದ ಎಸ್. ಆರ್. ಡೊಂಗರಕೇರಿಯವರನ್ನು ಸ್ಮರಿಸಬೇಕು. 1857ರಿಂದ 1957ರವರೆಗಿನ ನೂರು ವರ್ಷಗಳ ಇತಿಹಾಸವನ್ನು ಅವರು ಗ್ರಂಥರೂಪಕ್ಕೆ ತಂದರು.

ಆದರೂ ದಫ್ತರಕ್ಕೊಂದು ಮಿತಿಯಿದೆ. ವಿದ್ಯಾರ್ಥಿಯು ಅಲ್ಲಿ ಒಂದು ಹೆಸರು, ಒಂದು ಕ್ರಮಾಂಕ, ಒಂದು ದರ್ಜೆ ಮಾತ್ರ. ಹಗಲಿನಲ್ಲಿ ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು, ಮುಂದೆ ಪದವೀಧರರಾದ ನಮ್ಮವರು ಈ ನಗರದಲ್ಲಿ ಎಷ್ಟೋ ಮಂದಿ. ಶುಲ್ಕಕ್ಕೆ ಹಣವನ್ನು ಯಾರು ಕೊಟ್ಟರು, ಎಲ್ಲಿ ಮಲಗಿ ಓದಿದರು, ಊರಿಗೆ ಏನೆಂದು ಬರೆದರು ಎಂಬುದನ್ನು ಯಾವ ಸೆನೆಟ್ಟಿನ ನಡಾವಳಿಯೂ ಹೇಳದು. ಅದು ಇರುವುದು ಮನೆಯ ಟ್ರಂಕಿನಲ್ಲಿ. ದೊಡ್ಡಪ್ಪನವರ ಪದವಿಗೆ ವಿಶ್ವವಿದ್ಯಾನಿಲಯವೇ ಸಾಕ್ಷಿ. ಅವರ ಖಾನಾವಳಿಯ ಲೆಕ್ಕಕ್ಕೆ ಇನ್ನು ಸಾಕ್ಷಿಯಿಲ್ಲ. ಅದನ್ನು ನಾವೇ ರದ್ದಿಗೆ ಹಾಕಿದ್ದೇವೆ.

ಆದುದರಿಂದ ಓದುಗ ಬಂಧುಗಳಲ್ಲಿ ಕೆಲವು ಸೂಚನೆಗಳನ್ನು ನಿವೇದಿಸುತ್ತೇವೆ. ಮನೆ ಬದಲಿಸುವಾಗ ಹಿರಿಯರ ಕಾಗದಗಳನ್ನು ಒಮ್ಮೆ ಓದದೆ ವಿಲೇವಾರಿ ಮಾಡಬೇಡಿ. ಅವು ಯಾವ ಕ್ರಮದಲ್ಲಿದ್ದವೋ ಅದೇ ಕ್ರಮದಲ್ಲಿ ಇರಲಿ. ಯಾವುದರ ಜೊತೆ ಯಾವುದು ಇತ್ತು ಎಂಬುದೂ ಒಂದು ಸಾಕ್ಷ್ಯವೇ. ತುಕ್ಕು ಹಿಡಿಯುವ ಗುಂಡುಪಿನ್ನುಗಳನ್ನು ಮೆಲ್ಲನೆ ತೆಗೆಯಿರಿ. ಹರಿದ ಕಡೆ ಸೆಲ್ಲೋಟೇಪ್ ಅಂಟಿಸಬೇಡಿ. ಪದವಿ ಪತ್ರಕ್ಕೆ ಪ್ಲಾಸ್ಟಿಕ್ ಲ್ಯಾಮಿನೇಷನ್ ಮಾಡಿಸಬೇಡಿ, ಒಮ್ಮೆ ಅಂಟಿದ ಮೇಲೆ ಅದನ್ನು ಬಿಡಿಸುವುದು ಕಷ್ಟ. ಮರದ ತಿರುಳಿನಿಂದ ಮಾಡಿದ ಹಳೆಯ ಕಾಗದ ತನ್ನೊಳಗಿನ ಆಮ್ಲದಿಂದಲೇ ಹಳದಿಯಾಗಿ ಪುಡಿಯಾಗುತ್ತದೆ; ಮುಂಬಯಿಯ ಮಳೆಗಾಲದ ತೇವ ಅದನ್ನು ಇನ್ನಷ್ಟು ಬೇಗ ಕೆಡಿಸುತ್ತದೆ. ಗೋಡೆಗೆ ತಾಗದಂತೆ, ಗಾಳಿಯಾಡುವ ಒಣ ಜಾಗದಲ್ಲಿಡಿ. ಫೋಟೋ ತೆಗೆದು ಒಂದು ಪ್ರತಿಯನ್ನು ಬೇರೆ ಮನೆಯಲ್ಲಿಯೂ ಇರಿಸಿ. ಆದರೆ ಫೋಟೋ ಇದೆಯೆಂದು ಮೂಲವನ್ನು ಎಸೆಯಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಇದು ಯಾರದು, ಯಾವ ವರ್ಷದ್ದು, ಎಲ್ಲಿ ದೊರೆಯಿತು ಎಂಬುದನ್ನು ಬೇರೊಂದು ಹಾಳೆಯಲ್ಲಿ ಬರೆದು ಜೊತೆಗಿಡಿ. ಇಟ್ಟುಕೊಳ್ಳಲು ಜಾಗವಿಲ್ಲದವರು ತಾವು ಓದಿದ ಕಾಲೇಜನ್ನೋ ವಿಶ್ವವಿದ್ಯಾನಿಲಯದ ಗ್ರಂಥಾಲಯವನ್ನೋ ಮೊದಲು ವಿಚಾರಿಸಿ ನೋಡಬಹುದು.

ಬ್ಯಾಂಕಿನ ವೋಚರಿಗೆ ಎಂಟು ವರ್ಷಗಳ ಆಯುಷ್ಯ ಸಾಕು. ಊರು ಬಿಟ್ಟು ಬಂದು ಓದಿ ನಿಂತವರ ಕಾಗದಕ್ಕೆ ಅಂತಹ ಅವಧಿಯಿಲ್ಲ. ನಮ್ಮ ಬಳಿ ಈಗ ಉಳಿದಿರುವ ಆ ಒಂದು ಪದವಿ ಪತ್ರದ ಜೊತೆಗೆ, ದೊಡ್ಡಪ್ಪನವರ ಬಾಯಿಂದ ಕೇಳಿದ ಮಾತುಗಳನ್ನು ನೆನಪಿದ್ದಷ್ಟು ಬರೆದಿಟ್ಟಿದ್ದೇವೆ. ಬರೆದವರ ಹೆಸರನ್ನೂ ದಿನಾಂಕವನ್ನೂ ಕೆಳಗೆ ಹಾಕಿದವನು ಆ ಪ್ರಶ್ನೆ ಕೇಳಿದ ಹುಡುಗನೇ.