ಕೆಟ್ಟ ಸರಕು ಹಿಂದಕ್ಕೆ ಹೋಗುವಾಗ ಬಾಡಿಗೆ ಯಾರದು?

ನಮ್ಮ ತಂದೆತಾಯಿಯರ ಕಾಲದಲ್ಲಿ ಪತ್ರಿಕೆಯ ಜಾಹೀರಾತು ನೋಡಿ ವಿ.ಪಿ.ಪಿ. ಮೂಲಕ ಸಾಮಾನು ತರಿಸುವ ರೂಢಿಯಿತ್ತು. ಅಂಚೆಯಣ್ಣನಿಗೆ ಹಣ ಎಣಿಸಿ ಕೊಟ್ಟ ಮೇಲೆಯೇ ಪೊಟ್ಟಣ ಕೈಗೆ ಬರುತ್ತಿತ್ತು. ಬಿಚ್ಚಿ ನೋಡಿದರೆ ರೇಡಿಯೋ ಬದಲು ಇಟ್ಟಿಗೆ ಚೂರು ಎಂಬ ಕಥೆ ಊರಿಗೊಂದಾದರೂ ಇತ್ತು. ಇಂದು ಅಂಚೆಯಣ್ಣನ ಜಾಗದಲ್ಲಿ ಬೈಕಿನ ಹುಡುಗ ಬಂದಿದ್ದಾನೆ, ಜಾಹೀರಾತಿನ ಜಾಗದಲ್ಲಿ ಮೊಬೈಲ್ ಬಂದಿದೆ. ಆದರೆ ಬಿಚ್ಚಿ ನೋಡಿದಾಗ ಆಗುವ ಸಂಕಟ ಹಳೆಯದೇ.

ಹೋದ ವರ್ಷ ಮೇ ತಿಂಗಳಲ್ಲಿ ಕಲ್ಯಾಣದುರ್ಗದ ಕಡೆಯ ಒಂದು ಹಳ್ಳಿಗೆ ನಾವು ಕುಟುಂಬ ಭೇಟಿಗೆ ಹೋಗಿದ್ದೆವು. ಗಂಡನನ್ನು ಕಳೆದುಕೊಂಡ ಒಬ್ಬ ತಾಯಿ ಅಲ್ಲಿ ಹೊಲಿಗೆ ನೆಚ್ಚಿಕೊಂಡು ಇಬ್ಬರು ಮಕ್ಕಳನ್ನು ಓದಿಸುತ್ತಿದ್ದಾರೆ. ಶಾಲೆ ತೆರೆಯುವ ಮುಂಚೆ ಯೂನಿಫಾರಂ ಹೊಲಿಗೆಯ ಕೆಲಸ ಹೆಚ್ಚು. ಕಾಲು ನೋವಿನಿಂದ ತುಳಿಯಲಾಗದೆ, ಮಿಷಿನ್ನಿಗೆ ಜೋಡಿಸುವ ಒಂದು ಮೋಟಾರನ್ನು ಮಗನ ಕೈಯಲ್ಲಿ ಆನ್‌ಲೈನಿನಲ್ಲಿ ತರಿಸಿದ್ದರು. ಬೆಲೆ 2,150 ರೂಪಾಯಿ. ಸ್ವಿಚ್ ಹಾಕಿದ ಐದು ನಿಮಿಷಕ್ಕೆ ಸುಟ್ಟ ವಾಸನೆ, ಮೋಟಾರು ನಿಂತೇಹೋಯಿತು.

ಹಿಂದಕ್ಕೆ ಕಳಿಸಲು ಒತ್ತಿದರೆ ಬಂದ ಉತ್ತರವೇನು? “ನಿಮ್ಮ ಪಿನ್‌ಕೋಡಿಗೆ ನಮ್ಮ ಹುಡುಗ ಬರುವುದಿಲ್ಲ. ನೀವೇ ಕೊರಿಯರ್ ಮಾಡಿ.” ಕಳಿಸಬೇಕಾದ ವಿಳಾಸ ಉತ್ತರ ಭಾರತದ ಒಂದು ಊರಿನದು. ಕೊರಿಯರಿನವರು ತೂಕ ನೋಡಿ 380 ರೂಪಾಯಿ ಹೇಳಿದರು. ಅದರಲ್ಲಿ 100 ರೂಪಾಯಿ ಮಾತ್ರ, ಅದೂ ಮುಂದಿನ ಖರೀದಿಗೆ ಕೂಪನ್ ರೂಪದಲ್ಲಿ ಕೊಡುತ್ತೇವೆ ಎಂದು ಮಾರಾಟಗಾರರು ಬರೆದಿದ್ದರು. “ಹೋಗ್ಲಿ ಬಿಡಿ ಫಾದರ್, ನಮ್ಮ ಹಣೆಬರಹ” ಎಂದು ಆ ತಾಯಿ ಮೋಟಾರನ್ನು ಮಂಚದ ಕೆಳಗೆ ತಳ್ಳಿದ್ದರು.

ಹಿಂದೂಪುರದ ನಮ್ಮ ಇನ್ನೊಂದು ಕುಟುಂಬಕ್ಕೆ ಅದೇ ತಿಂಗಳಲ್ಲಿ ಒಡೆದ ಕುಕ್ಕರ್ ಬಂದಿತ್ತು. ಮರುದಿನವೇ ಹುಡುಗ ಬಾಗಿಲಿಗೆ ಬಂದು ಒಯ್ದ. ಖರ್ಚು ಒಂದು ಪೈಸೆಯೂ ಇಲ್ಲ. ಹಿಂದೂಪುರದಿಂದ ಮಡಕಶಿರ ದಾಟಿ, ಕರ್ನಾಟಕದ ಪಾವಗಡದ ಮೇಲೆ ಹಾದು ಕಲ್ಯಾಣದುರ್ಗ ಸೇರಿದರೆ ಅದೇ ಭಾಷೆ, ಅದೇ ಜನ. ಆದರೆ ಪಿನ್‌ಕೋಡ್ ಬದಲಾದರೆ ನ್ಯಾಯವೂ ಬದಲಾಗಬೇಕೇ? ಈ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಹಾಗಾಗಿ ಕಾನೂನಿನ ಪುಸ್ತಕಗಳನ್ನು ತಿರುವಿ ಹಾಕಿದೆವು.

ಮಂಡಿಯ ನ್ಯಾಯ

ಹಿಂದೂಪುರದ ಹುಣಸೆಹಣ್ಣು, ಬೆಲ್ಲದ ವ್ಯಾಪಾರ ಕಂಡವರಿಗೆ ಈ ವಿಷಯ ಕಷ್ಟವೇನಲ್ಲ. ತೋರಿಸಿದ ಮಾದರಿ ಒಂದು, ಚೀಲದಲ್ಲಿ ಬಂದದ್ದು ಇನ್ನೊಂದು ಎಂದಾದರೆ, ಚೀಲವನ್ನು ಹಿಂದಕ್ಕೆ ಹೊತ್ತವನ ಕೂಲಿಯನ್ನು ಕೊಂಡವನ ತಲೆಗೆ ಕಟ್ಟುವುದು ಸರಿಯೆಂದು ಯಾರು ತಾನೇ ಹೇಳಿಯಾರು? ತಪ್ಪು ಯಾರದೋ ಬಾಡಿಗೆಯೂ ಅವರದು.

ನಮ್ಮ ದೇಶದ ಹಳೆಯ ಕಾನೂನೂ ಈ ಜಾಡಿನಲ್ಲೇ ಇದೆ. 1930ರ ಸರಕು ಮಾರಾಟ ಕಾಯಿದೆಯ 43ನೇ ಕಲಮಿನ ಪ್ರಕಾರ, ಸರಕನ್ನು ತಿರಸ್ಕರಿಸುವ ಹಕ್ಕುಳ್ಳ ಗ್ರಾಹಕನು, ಬೇರೆ ಒಪ್ಪಂದವಿಲ್ಲದಿದ್ದರೆ, ಅದನ್ನು ತಾನೇ ಹೊತ್ತು ಹಿಂದಿರುಗಿಸಬೇಕಾಗಿಲ್ಲ. “ನನಗಿದು ಒಪ್ಪಿಗೆಯಿಲ್ಲ” ಎಂದು ತಿಳಿಸಿದರೆ ಸಾಕು. ಆದರೆ ಸುಮ್ಮನೆ ಬಹಳ ದಿನ ಇಟ್ಟುಕೊಂಡರೆ ಒಪ್ಪಿಕೊಂಡಂತೆಯೇ ಎಂದು ಅದರ ಹಿಂದಿನ ಕಲಮು ಎಚ್ಚರಿಸುತ್ತದೆ. ಮಂಚದ ಕೆಳಗೆ ತಳ್ಳುವುದರ ಅಪಾಯ ಇದೇ.

ಹೊಸ ಕಾಯಿದೆ ಏನನ್ನುತ್ತದೆ?

1986ರ ಗ್ರಾಹಕ ರಕ್ಷಣಾ ಕಾಯಿದೆಯ ಸ್ಥಾನದಲ್ಲಿ ಬಂದ 2019ರ ಕಾಯಿದೆಯು 2020ರ ಜುಲೈ 20ರಂದು ಜಾರಿಗೆ ಬಂತು. ಅದಾದ ಮೂರೇ ದಿನಕ್ಕೆ ಆನ್‌ಲೈನ್ ವ್ಯಾಪಾರದ ಪ್ರತ್ಯೇಕ ನಿಯಮಗಳೂ ಹೊರಬಿದ್ದವು. ಮುಖ್ಯಾಂಶಗಳು ಇವು:

ಸರಕು ದೋಷದ್ದಾಗಿದ್ದರೆ, ನಕಲಿಯಾಗಿದ್ದರೆ, ಇಲ್ಲವೆ ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ, ಹಿಂದಕ್ಕೆ ತೆಗೆದುಕೊಳ್ಳಲು ಅಥವಾ ಹಣ ಮರಳಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ.

ಹಿಂದಿರುಗಿಸುವ ವೆಚ್ಚ ಎಷ್ಟು ಎಂಬುದು ಸೇರಿದಂತೆ ರಿಟರ್ನ್, ರೀಫಂಡಿನ ಎಲ್ಲ ಮಾಹಿತಿಯನ್ನು ಗ್ರಾಹಕನಿಗೆ ಕಾಣುವಂತೆ ಕೊಡಬೇಕು.

ಪ್ರತಿ ಆನ್‌ಲೈನ್ ಸಂಸ್ಥೆಗೂ ಒಬ್ಬ ದೂರು ಅಧಿಕಾರಿ ಇರಬೇಕು. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

ಇನ್ನು ಕಾಯಿದೆಯ ಪ್ರಕಾರ, ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅಂಥ ಅವಧಿ ಇಲ್ಲದಿದ್ದರೆ 30 ದಿನದೊಳಗೆ, ದೋಷದ ಸರಕನ್ನು ಹಿಂದಕ್ಕೆ ಪಡೆದು ಹಣ ಕೊಡಲು ಒಪ್ಪದಿರುವುದು ‘ಅನುಚಿತ ವ್ಯಾಪಾರ ಪದ್ಧತಿ’.

ಅಂಚೆ ವೆಚ್ಚವನ್ನು ಇಂಥವರೇ ಕೊಡಬೇಕು ಎಂಬ ನೇರ ಮಾತು ಮಾತ್ರ ಈ ನಿಯಮಗಳಲ್ಲಿಲ್ಲ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯಿದೆಯಲ್ಲಿ ಅದು ಸ್ಪಷ್ಟವಾಗಿದೆ: ತಿರಸ್ಕರಿಸಿದ ದೋಷದ ಸರಕನ್ನು ಹಿಂದಿರುಗಿಸುವ ನ್ಯಾಯವಾದ ವೆಚ್ಚ ಮಾರಿದವನದೇ. ನಮ್ಮಲ್ಲಿಯೂ ಅಷ್ಟು ನೇರವಾಗಿ ಬರೆದಿದ್ದರೆ ಹಳ್ಳಿಯ ತಾಯಂದಿರಿಗೆ ಎಷ್ಟೋ ಅನುಕೂಲವಾಗುತ್ತಿತ್ತು. ಆದರೂ ಹತಾಶರಾಗಬೇಕಿಲ್ಲ. ಪೂರ್ತಿ ಹಣ ಕೇಳುವ ಹಕ್ಕು ಇರುವಾಗ, ಆ ಹಕ್ಕಿಗಾಗಿ ಖರ್ಚಾದ ಅಂಚೆ ಹಣವನ್ನೂ ಪರಿಹಾರದಲ್ಲಿ ಸೇರಿಸಿ ಕೇಳಬಹುದು.

ಸರಕು ಚೆನ್ನಾಗಿದ್ದು, ಬಣ್ಣ ಹಿಡಿಸಲಿಲ್ಲ, ಮನಸ್ಸು ಬದಲಾಯಿತು ಎಂದಾದರೆ ಲೆಕ್ಕ ಬೇರೆ. ಆಗ ಕೊಳ್ಳುವಾಗ ಒಪ್ಪಿದ ಷರತ್ತೇ ಪ್ರಮಾಣ. ಯುರೋಪಿನ ದೇಶಗಳಲ್ಲಿಯೂ 14 ದಿನದೊಳಗೆ ಮನಸ್ಸು ಬದಲಾಯಿಸಿದವನು, ಮುಂಚೆಯೇ ತಿಳಿಸಿದ್ದರೆ, ಸಾಮಾನ್ಯವಾಗಿ ಅಂಚೆ ವೆಚ್ಚ ತಾನೇ ಭರಿಸಬೇಕು.

ಮುಂದೇನಾಯಿತು?

ಆ ತಾಯಿಯ ಮಗನನ್ನು ಕೂರಿಸಿಕೊಂಡು ಸಂಸ್ಥೆಯ ದೂರು ಅಧಿಕಾರಿಗೆ ಒಂದು ಪತ್ರ ಬರೆಸಿದೆವು. ಮೋಟಾರಿನ ಫೋಟೋ, ಬಿಲ್ಲು, ಕೊರಿಯರಿನವರು ಹೇಳಿದ ದರ, ಎಲ್ಲವನ್ನೂ ಜೊತೆಗಿಟ್ಟೆವು. ಹತ್ತು ದಿನ ಕಳೆದರೂ “ಪರಿಶೀಲಿಸುತ್ತಿದ್ದೇವೆ” ಎಂಬುದಷ್ಟೇ ಉತ್ತರ. ಆಮೇಲೆ 1915ಕ್ಕೆ ಕರೆ ಮಾಡಿದೆವು. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡ, ತೆಲುಗು ಸೇರಿ 17 ಭಾಷೆಗಳಲ್ಲಿ ದೂರು ಕೇಳುತ್ತಾರೆ. ಎರಡು ವಾರದೊಳಗೆ ಹುಡುಗನೊಬ್ಬ ಹಳ್ಳಿಯ ಬಾಗಿಲಿಗೇ ಬಂದು ಮೋಟಾರು ಒಯ್ದ. ಬರಲಾಗದ ಪಿನ್‌ಕೋಡಿಗೆ ದಾರಿ ಹೇಗೋ ಸಿಕ್ಕಿತು! 2,150 ರೂಪಾಯಿ ಪೂರ್ತಿ ಬಂತು.

ಆದರೆ ಅಷ್ಟರಲ್ಲಿ ಜೂನ್ ಮುಗಿಯುತ್ತಾ ಬಂದಿತ್ತು. ಯೂನಿಫಾರಂ ಬಟ್ಟೆ ಬೇರೆ ಟೈಲರುಗಳ ಪಾಲಾಗಿತ್ತು. ಆ ಸಂಪಾದನೆಯನ್ನು ಯಾರೂ ಹಿಂದಿರುಗಿಸಲಿಲ್ಲ. ತಡವಾಗಿ ಸಿಕ್ಕ ನ್ಯಾಯದಲ್ಲಿ ಬಡವರಿಗೆ ಯಾವಾಗಲೂ ಒಂದಿಷ್ಟು ಕಳೆತ ಇದ್ದೇ ಇರುತ್ತದೆ.

ಸಹಾಯವಾಣಿಯಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಮಾರಿದವನು ದೆಹಲಿಯಲ್ಲಿರಲಿ, ಸೂರತ್ತಿನಲ್ಲಿರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಇದು 2019ರ ಕಾಯಿದೆಯ ದೊಡ್ಡ ಉಪಕಾರ. ಸರಕಿನ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಬೇಕೇಬೇಕೆಂದಿಲ್ಲ. ದೂರು ಕೊಡಲು ಎರಡು ವರ್ಷದ ಕಾಲಾವಕಾಶವಿದೆ. 2025ರ ಜನವರಿ 1ರಂದು ಆರಂಭವಾದ ಇ-ಜಾಗೃತಿ ತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು.

ನಮ್ಮ ತಪ್ಪುಗಳೂ ಇವೆ

ಗುರುಮನೆಗೆ ನಾವೇ ತರಿಸಿದ ಒಂದು ಮೈಕು ಮೂರನೆಯ ದಿನ ಕೆಟ್ಟಿತು. ಆದರೆ ಪೆಟ್ಟಿಗೆಯನ್ನು ಅಷ್ಟರಲ್ಲೇ ಒಲೆಗೆ ಹಾಕಿಯಾಗಿತ್ತು, ಬಿಲ್ಲು ಎಲ್ಲೋ ಕಳೆದಿತ್ತು. ಯಾರನ್ನು ದೂರೋಣ? ಅಂದಿನಿಂದ ನಮ್ಮಲ್ಲಿ ಒಂದು ಕ್ರಮವಿದೆ. ಪಾರ್ಸೆಲ್ ಬಿಚ್ಚುವಾಗ ಒಬ್ಬರು ಮೊಬೈಲಿನಲ್ಲಿ ವಿಡಿಯೋ ತೆಗೆಯಬೇಕು. ಪೆಟ್ಟಿಗೆ, ಬಿಲ್ಲುಗಳನ್ನು ಒಂದು ತಿಂಗಳು ಎತ್ತಿಡಬೇಕು. ದೋಷ ಕಂಡ ದಿನವೇ ಬರೆದು ತಿಳಿಸಬೇಕು. ನಾವೇ ಕಳಿಸಬೇಕಾಗಿ ಬಂದರೆ ಅಂಚೆ ರಸೀದಿಯ ಫೋಟೋ ಇಟ್ಟುಕೊಳ್ಳಬೇಕು.

ಸಹಾಯವಾಣಿಯ ನಂಬರನ್ನು ಗೂಗಲಿನಲ್ಲಿ ಹುಡುಕಿ ಮೋಸ ಹೋದವರೂ ಇದ್ದಾರೆ. ರೀಫಂಡ್ ಕೊಡಲು ಓಟಿಪಿ ಹೇಳಿ, ಪಿನ್ ಒತ್ತಿ ಎನ್ನುವವನು ಕಳ್ಳನೇ. ಹಣ ಪಡೆಯಲು ಯಾವ ಪಿನ್ನೂ ಬೇಡ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಸರಕು ಕಾಯಿದೆಯ ವರ್ಷವೂ ಅದೇ, ಸೈಬರ್ ವಂಚನೆಯ ಸಹಾಯವಾಣಿಯೂ ಅದೇ, ನೆನಪಿಡುವುದು ಸುಲಭ.

ಇನ್ನೊಂದು ಮಾತು ಹೇಳಲೇಬೇಕು. ಹಬ್ಬಕ್ಕೆ ಸೀರೆ ತರಿಸಿ, ಉಟ್ಟು, ಫೋಟೋ ತೆಗೆಸಿಕೊಂಡು “ಹರಿದಿದೆ” ಎಂದು ಹಿಂದಿರುಗಿಸುವವರೂ ನಮ್ಮ ನಡುವೆ ಇಲ್ಲವೇ? ಆ ರಿಟರ್ನಿನ ಬಾಡಿಗೆಯನ್ನು ಯಾರೋ ಒಬ್ಬರು ಕೊಡಲೇಬೇಕು. ಎಷ್ಟೋ ಸಲ ಅವರು ನಮ್ಮಂತೆಯೇ ಮನೆಯಲ್ಲಿ ಕುಳಿತು ಸೀರೆ ಮಾರುವ ಇನ್ನೊಬ್ಬ ತಾಯಿ. ತಪ್ಪು ಮಾಡಿದವನೇ ಬಾಡಿಗೆ ಕೊಡಬೇಕು ಎಂಬ ನ್ಯಾಯವನ್ನು ಕೇಳುವ ಮುಂಚೆ ನಮ್ಮ ತಕ್ಕಡಿಯೂ ನೇರವಾಗಿರಲಿ.

ನಮ್ಮ ಯುವಜನರಿಗೆ ಒಂದು ಕೋರಿಕೆ. ನಿಮ್ಮ ಕೈಯಲ್ಲಿ ಸದಾ ಮೊಬೈಲ್ ಇರುತ್ತದೆ. ಭಾನುವಾರ ಪೂಜೆ ಮುಗಿದ ಮೇಲೆ ಅರ್ಧ ಗಂಟೆ ಚರ್ಚಿನ ಜಗಲಿಯಲ್ಲಿ ಕುಳಿತು, ದೂರು ಬರೆಯಲು ಬಾರದ ಹಿರಿಯರಿಗೆ ಬರೆದುಕೊಡಿ. “ಹೋಗ್ಲಿ ಬಿಡಿ” ಎನ್ನುವವರ ಮಂಚದ ಕೆಳಗೆ ಇನ್ನೆಷ್ಟು ಮೋಟಾರುಗಳಿವೆಯೋ, ವಿಚಾರಿಸಿ ನೋಡಿ.