ಪೇತ್ರನ ಎರಡು ನಿದ್ದೆಗಳು

(ಜೂನ್ 29: ಸಂತ ಪೇತ್ರ ಮತ್ತು ಸಂತ ಪೌಲರ ಮಹೋತ್ಸವ)



ಕೆಲವು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರಿಗೆ ಹೃದಯದ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ಹಿಂದಿನ ಸಂಜೆ ಪರಮಪ್ರಸಾದ ಕೊಡಲು ಆಸ್ಪತ್ರೆಗೆ ಹೋಗಿದ್ದೆ. ಅವರು ನನ್ನ ಕೈ ಹಿಡಿದುಕೊಂಡು, "ಸ್ವಾಮಿ, ದಿನಾ ಜಪಸರ ಹೇಳೋನು ನಾನು. ಆದರೂ ಮೈಯೆಲ್ಲ ನಡುಗ್ತಿದೆ. ಹಾಗಾದ್ರೆ ನನ್ನ ವಿಶ್ವಾಸ ಸುಳ್ಳಾ?" ಎಂದು ಕೇಳಿದರು. ನಾನು ಅವರಿಗೆ ಪೇತ್ರನ ಎರಡು ನಿದ್ದೆಗಳ ಕಥೆ ಹೇಳಿದೆ.

ಮೊದಲನೆಯದು ಗೆತ್ಸೆಮನಿ ತೋಪಿನ ನಿದ್ದೆ. ಪ್ರಾಣ ಹೋದರೂ ನಿಮ್ಮನ್ನು ಬಿಡೆನು ಎಂದು ಪೇತ್ರ ಅದೇ ರಾತ್ರಿ ಎದೆ ತಟ್ಟಿ ಹೇಳಿದ್ದ. ಸ್ವಲ್ಪ ಹೊತ್ತಿನಲ್ಲೇ, ಪ್ರಾರ್ಥಿಸಬೇಕಾದ ವೇಳೆಯಲ್ಲಿ ಮಲಗಿಬಿಟ್ಟ. ದುಃಖಭಾರದಿಂದ ಬಂದ ನಿದ್ದೆ ಅದು ಎನ್ನುತ್ತಾನೆ ಸಂತ ಲೂಕ. ಎಚ್ಚರವಾದಾಗ ಕೈಗೆ ಸಿಕ್ಕಿದ್ದು ಕತ್ತಿ; ಪ್ರಧಾನಯಾಜಕನ ಆಳಿನ ಕಿವಿ ಕತ್ತರಿಸಿದ. ಬೆಳಗಾಗುವುದರೊಳಗೆ ದಾಸಿಯೊಬ್ಬಳ ಪ್ರಶ್ನೆಗೆ ಹೆದರಿ, ಆತ ಯಾರೋ ಗೊತ್ತಿಲ್ಲ ಎಂದ. ಕತ್ತಿಯ ಧೈರ್ಯ ಕೋಳಿ ಕೂಗುವವರೆಗೂ ಬಾಳಲಿಲ್ಲ.

ಅದೇ ತೋಪಿನಲ್ಲಿ ಯೇಸುಸ್ವಾಮಿಗೂ ಭಯವಿತ್ತು. ಬೆವರು ರಕ್ತದ ಹನಿಗಳಂತೆ ನೆಲಕ್ಕೆ ಬೀಳುತ್ತಿತ್ತು. ಅವರು ತಮ್ಮ ಭಯವನ್ನು ಬಚ್ಚಿಡಲಿಲ್ಲ. ಈ ಪಾತ್ರೆ ನನ್ನಿಂದ ದೂರವಾಗಲಿ ಎಂದು ಬೇಡಿದರು, ಬೇಡಿದ ಮೇಲೆ ಪಿತನ ಚಿತ್ತಕ್ಕೆ ತಮ್ಮನ್ನು ಒಪ್ಪಿಸಿದರು. ಒಮ್ಮೆ ಪ್ರಾರ್ಥಿಸಿ ಮುಗಿಸಲಿಲ್ಲ, ಮೂರು ಸಲ ಪ್ರಾರ್ಥಿಸಿದರು. ಅನಂತರ ಎದ್ದು, ತಮ್ಮನ್ನು ಹಿಡಿಯಲು ಬಂದವರ ಎದುರಿಗೆ ತಾವೇ ನಡೆದರು. ದೇವಪುತ್ರನಿಗೇ ಭಯವಾಗಿರುವಾಗ, ನಮಗೆ ಭಯವಾಗುವುದು ಅವಿಶ್ವಾಸವಲ್ಲ. ಆ ಭಯವನ್ನು ಎಲ್ಲಿಗೆ ಒಯ್ಯುತ್ತೇವೆ ಎಂಬುದೇ ಮುಖ್ಯ.

ಎರಡನೆಯ ನಿದ್ದೆ ಈ ಹಬ್ಬದ ಮೊದಲನೆಯ ವಾಚನದಲ್ಲಿದೆ (ಪ್ರೇಷಿತರ ಕಾರ್ಯಕಲಾಪಗಳು 12:1-11). ಹೆರೋದ ಅರಸ ಯೊವಾನ್ನನ ಸಹೋದರ ಯಕೋಬನನ್ನು ಕತ್ತಿಯಿಂದ ಕೊಲ್ಲಿಸಿದ್ದಾನೆ. ಪೇತ್ರನೂ ಸೆರೆಯಲ್ಲಿದ್ದಾನೆ. ನಾಲ್ಕು ನಾಲ್ಕು ಮಂದಿಯ ನಾಲ್ಕು ತಂಡ, ಒಟ್ಟು 16 ಸೈನಿಕರ ಕಾವಲು. ಮೈಗೆ ಎರಡು ಸರಪಳಿ. ಬೆಳಗಾದರೆ ಅವನನ್ನು ಜನರ ಮುಂದೆ ಎಳೆದು ತರಬೇಕು. ಆ ರಾತ್ರಿ ಪೇತ್ರ ಏನು ಮಾಡುತ್ತಿದ್ದ? ಇಬ್ಬರು ಸೈನಿಕರ ನಡುವೆ ಮಲಗಿ ನಿದ್ರಿಸುತ್ತಿದ್ದ! ದೇವದೂತ ಪಕ್ಕೆ ತಟ್ಟಿ ಎಬ್ಬಿಸಬೇಕಾಯಿತು. ಗಮನಿಸಿರಿ: ದೇವದೂತ ಬರುತ್ತಾನೆಂದು ಅವನಿಗೆ ಗೊತ್ತಿರಲಿಲ್ಲ. ಬಿಡುಗಡೆಯ ನಂತರ ಬಂದ ನಿದ್ದೆಯಲ್ಲ ಅದು, ಬಿಡುಗಡೆಗೆ ಮೊದಲೇ ಬಂದ ನಿದ್ದೆ.

ತೋಪಿನಿಂದ ಸೆರೆಮನೆಯವರೆಗಿನ ಅವಧಿಯಲ್ಲಿ ಏನು ನಡೆಯಿತು? ಪೇತ್ರ ಬಿಕ್ಕಿಬಿಕ್ಕಿ ಅತ್ತ. ಸರೋವರದ ದಡದಲ್ಲಿ ಕ್ಷಮೆ ಪಡೆದ. ಪವಿತ್ರಾತ್ಮರನ್ನು ಬರಮಾಡಿಕೊಂಡ. ಅಧಿಕಾರಿಗಳು ಬೆದರಿಸಿದಾಗ ಭಕ್ತಸಮೂಹದ ಜೊತೆ ಸೇರಿ ಪ್ರಾರ್ಥಿಸಿದ. ಆ ಪ್ರಾರ್ಥನೆಯಲ್ಲಿ ಅವರು ಕೇಳಿಕೊಂಡದ್ದು ಸುರಕ್ಷತೆಯನ್ನಲ್ಲ, ಶುಭಸಂದೇಶ ಸಾರುವ ಧೈರ್ಯವನ್ನು. 'ನನ್ನಿಂದಾಗುತ್ತದೆ' ಎನ್ನುತ್ತಿದ್ದವನು 'ನಾನು ಪ್ರಭುವಿನವನು' ಎನ್ನಲು ಕಲಿತ.

ಆದರೆ ಯಕೋಬನ ಮಾತೇನು? ಪೇತ್ರ ಬದುಕಿದ, ಅವನು ಸತ್ತ. ಏಕೆಂದು ಪವಿತ್ರಗ್ರಂಥ ವಿವರಿಸುವುದಿಲ್ಲ. ಆ ಹಿರಿಯರ ಶಸ್ತ್ರಚಿಕಿತ್ಸೆ ಸಫಲವಾಯಿತು. ಅದೇ ವಾರ್ಡಿನಲ್ಲಿ ನಾನು ಪ್ರಾರ್ಥಿಸಿದ ತಾಯಿಯೊಬ್ಬರು ಮಾತ್ರ ಮನೆಗೆ ಮರಳಲಿಲ್ಲ. ಅವರ ಪ್ರಾರ್ಥನೆಯೇನೂ ಕಡಿಮೆಯಾಗಿರಲಿಲ್ಲ. ಶರಣಾಗತಿ ಎಂದರೆ ದೇವರೊಡನೆ ಮಾಡಿಕೊಳ್ಳುವ ಕರಾರಲ್ಲ; ಬದುಕಿದರೂ ಸತ್ತರೂ ಅವರ ಕೈಯಲ್ಲೇ ಇರುತ್ತೇನೆಂಬ ಭರವಸೆ. ಪೇತ್ರನೂ ಕೊನೆಗೆ ರೋಮಿನಲ್ಲಿ, ನೀರೋ ಚಕ್ರವರ್ತಿಯ ಕಾಲದಲ್ಲಿ, ರಕ್ತಸಾಕ್ಷಿಯಾದ. ಅಲ್ಲಿ ಸೆರೆಯ ಬಾಗಿಲು ತೆರೆಯಲಿಲ್ಲ. ಈ ಸಲ ಅವನು ಪ್ರಭುವನ್ನು ಅಲ್ಲಗಳೆಯಲೂ ಇಲ್ಲ.

ಶರಣಾಗತಿ ಕೈಕಟ್ಟಿ ಕೂರುವುದೂ ಅಲ್ಲ. ಸರಪಳಿ ತಾನಾಗಿ ಕಳಚಿತು, ಕಬ್ಬಿಣದ ಬಾಗಿಲು ತಾನಾಗಿ ತೆರೆಯಿತು. ನಡುಕಟ್ಟು ಬಿಗಿಯುವ, ಪಾದರಕ್ಷೆ ಮೆಟ್ಟಿಕೊಳ್ಳುವ ಕೆಲಸವನ್ನು ಮಾತ್ರ ದೇವದೂತ ಪೇತ್ರನಿಗೇ ಬಿಟ್ಟ. ನಮ್ಮಿಂದಾಗದ್ದು ದೇವರ ಪಾಲು, ನಮ್ಮಿಂದಾಗುವುದು ನಮ್ಮ ಪಾಲು. ವೈದ್ಯರಲ್ಲಿಗೆ ಹೋಗುವುದು, ಸಾಲದ ವಿಷಯವನ್ನು ಮನೆಯವರಿಗೆ ತಿಳಿಸುವುದು, ಮುರಿದ ಸಂಬಂಧಕ್ಕೆ ಮೊದಲ ಮಾತಾಡುವುದು: ಇವು ನಾವೇ ಮೆಟ್ಟಬೇಕಾದ ಪಾದರಕ್ಷೆಗಳು.

ಇನ್ನೊಂದು ಮಾತು. ಪೇತ್ರ ಮಲಗಿದ್ದಾಗ ಧರ್ಮಸಭೆ ಎಚ್ಚರವಾಗಿತ್ತು. ಮಾರ್ಕನ ತಾಯಿ ಮರಿಯಳ ಮನೆಯಲ್ಲಿ ಜನ ಸೇರಿ ಅವನಿಗಾಗಿ ಪ್ರಾರ್ಥಿಸುತ್ತಿದ್ದರು. ಅವರ ವಿಶ್ವಾಸವೂ ಪರಿಪೂರ್ಣವಾಗಿರಲಿಲ್ಲ. ಪೇತ್ರ ಬಾಗಿಲಲ್ಲಿದ್ದಾನೆ ಎಂದ ಹುಡುಗಿ ರೋದೆಗೆ 'ನಿನಗೆ ಹುಚ್ಚು' ಎಂದರು! ಅಂಥವರ ಪ್ರಾರ್ಥನೆಯನ್ನೂ ದೇವರು ಕೈಬಿಡಲಿಲ್ಲ. ನಿಮ್ಮ ಓಣಿಯಲ್ಲಿ ನಿದ್ದೆ ಬಾರದ ಮನೆ ಯಾವುದು? ಈ ವಾರ ಆ ಮನೆಗಾಗಿ ಒಂದು ಜಪಸರ ಹೇಳಿರಿ. ಸಾಧ್ಯವಾದರೆ ಅಲ್ಲಿಗೇ ಹೋಗಿ ಹೇಳಿರಿ.

ಧರ್ಮಸಭೆಯ ರಾತ್ರಿಪ್ರಾರ್ಥನೆಯಲ್ಲಿ, ಯೇಸು ಶಿಲುಬೆಯ ಮೇಲೆ ಪಿತನ ಕೈಗೆ ತಮ್ಮ ಆತ್ಮವನ್ನು ಒಪ್ಪಿಸಿದ ಮಾತನ್ನು ನಾವು ದಿನವೂ ಹೇಳುತ್ತೇವೆ. ಇಂದು ರಾತ್ರಿ ದೀಪ ಆರಿಸುವ ಮುನ್ನ ನಿಮ್ಮ ಭಯವನ್ನು ಅದರ ಹೆಸರು ಹಿಡಿದೇ ದೇವರಿಗೆ ಹೇಳಿರಿ, ಅವರ ಕೈಗೆ ಒಪ್ಪಿಸಿರಿ, ಮಲಗಿರಿ. ಬೆಳಿಗ್ಗೆ ಎದ್ದು ಪಾದರಕ್ಷೆ ಮೆಟ್ಟಿಕೊಳ್ಳಿರಿ.

ಸಂತ ಪೇತ್ರ ಮತ್ತು ಸಂತ ಪೌಲರು ನಮಗಾಗಿ ಪ್ರಾರ್ಥಿಸಲಿ. ಆಮೆನ್.