‘ಇನ್ನೂ ದೂರ ಐತಿ’ ಎನ್ನುವ ಕಣ್ಣಿನ ಲೆಕ್ಕ

ತೋರಣಗಲ್ಲು, ವಡ್ಡು, ಕುರೇಕುಪ್ಪದ ಕಡೆಯವರಿಗೆ ರೈಲೆಂದರೆ ಮೊದಲು ನೆನಪಾಗುವುದು ಗೂಡ್ಸ್ ಗಾಡಿ. ಹೊಸಪೇಟೆಯಿಂದ ಸ್ವಾಮಿಹಳ್ಳಿಗೆ, ತೋರಣಗಲ್ಲಿನಿಂದ ರಣಜಿತ್‌ಪುರಕ್ಕೆ ಕವಲು ಹಳಿ ಎಳೆದದ್ದೇ ಸಂಡೂರು ಗುಡ್ಡಗಳ ಅದಿರಿಗಾಗಿ. ಜಿಂದಾಲ್ ಕಾರ್ಖಾನೆಗೆ ಕಲ್ಲಿದ್ದಲು ಬರಬೇಕು, ಅಲ್ಲಿಂದ ಉಕ್ಕು ಹೋಗಬೇಕು. ಹಗಲು ರಾತ್ರಿ ರೇಕುಗಳ ಓಡಾಟ. ಗೇಟು ಬಿತ್ತೆಂದರೆ ಅದಿರು ಲಾರಿ, ಟ್ರ್ಯಾಕ್ಟರ್, ಪಾಳಿ ಮುಗಿಸಿ ಬಂದವರ ಬೈಕು ಸಾಲುಗಟ್ಟುತ್ತವೆ. ಸ್ವಲ್ಪ ಹೊತ್ತು ಕಾಯುತ್ತಲೇ ಯಾರೋ ಒಬ್ಬರು ಹಳಿಯುದ್ದಕ್ಕೂ ಕಣ್ಣು ಹಾಯಿಸಿ, “ಇನ್ನೂ ದೂರ ಐತಿ, ಬಾರೋ” ಎಂದು ಬೈಕನ್ನು ಓರೆ ಮಾಡಿ ಗೇಟಿನಡಿ ನುಗ್ಗಿಸುತ್ತಾರೆ. ಅವರನ್ನು ಬೈಯುವವರು ಬಹಳ ಮಂದಿ ಇದ್ದಾರೆ. ಆ ಕ್ಷಣದಲ್ಲಿ ಅವರ ಕಣ್ಣು ಅವರಿಗೆ ಏನು ಹೇಳಿತು, ಅದು ಹೇಗೆ ತಪ್ಪಿತು ಎಂದು ಬಿಡಿಸಿ ಹೇಳುವವರು ಕಡಿಮೆ.

ದೂರದಿಂದ ನೇರ ನಮ್ಮತ್ತ ಬರುವ ವಸ್ತುವಿನ ವೇಗವನ್ನು ಕಣ್ಣು ಅಳೆಯುವುದು ಮುಖ್ಯವಾಗಿ ಒಂದೇ ಗುರುತಿನಿಂದ: ಅದು ಎಷ್ಟು ಬೇಗ ದೊಡ್ಡದಾಗುತ್ತಿದೆ ಎಂಬುದರಿಂದ. ರೈಲು ಗಂಟೆಗೆ 100 ಕಿ.ಮೀ. ವೇಗದಲ್ಲಿದೆ ಎಂದುಕೊಳ್ಳಿ. ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಒಂದು ಕಿ.ಮೀ. ದೂರದಲ್ಲಿರುವ ಎಂಜಿನ್ನು ನಮ್ಮ ಕಣ್ಣಿಗೆ ಎರಡರಷ್ಟು ದೊಡ್ಡದಾಗಿ ಕಾಣಬೇಕಾದರೆ ಅರ್ಧ ಕಿ.ಮೀ. ಹತ್ತಿರ ಬರಬೇಕು; ಅದಕ್ಕೆ 18 ಸೆಕೆಂಡು ಬೇಕು. ಅಷ್ಟು ಹೊತ್ತು ಅದು ನಿಂತಲ್ಲೇ ನಿಂತಂತೆ ತೋರುತ್ತದೆ. ಅದೇ ಎಂಜಿನ್ನು 100 ಮೀಟರಿನಿಂದ 50 ಮೀಟರಿಗೆ ಬರುವಾಗ ಎರಡರಷ್ಟಾಗಲು ಎರಡು ಸೆಕೆಂಡೂ ಹಿಡಿಯುವುದಿಲ್ಲ. “ಒಮ್ಮೆಲೆ ಮೈಮೇಲೆ ಬಂತು” ಎಂದು ಬದುಕಿ ಉಳಿದವರು ಹೇಳುವುದು ಉತ್ಪ್ರೇಕ್ಷೆಯಲ್ಲ, ಅವರ ಕಣ್ಣಿಗೆ ಕಂಡದ್ದೇ ಹಾಗೆ. ಮೂರು ಮೀಟರಿಗಿಂತ ತುಸು ಅಗಲವಾದ ಎಂಜಿನ್ನಿನ ಮುಖ ಹುಣ್ಣಿಮೆ ಚಂದ್ರನಷ್ಟು ಅಗಲ ಕಾಣಿಸುವುದು ಸುಮಾರು 350 ಮೀಟರ್ ದೂರಕ್ಕೆ ಬಂದಾಗ. ಆಗ ಉಳಿದಿರುವುದು ಹನ್ನೆರಡು ಸೆಕೆಂಡು, ಅಷ್ಟೆ.

ಇದರ ಮೇಲೆ ಇನ್ನೊಂದು ಮೋಸವಿದೆ. ಒಂದೇ ವೇಗದಲ್ಲಿ ಹೋಗುವ ಎರಡು ವಸ್ತುಗಳಲ್ಲಿ ದೊಡ್ಡದು ನಿಧಾನವಾಗಿ ಹೋದಂತೆ ಕಾಣುತ್ತದೆ. ಅಮೆರಿಕದ ಮನೋವಿಜ್ಞಾನಿ ಹರ್ಷೆಲ್ ಲೀಬೊವಿಟ್ಜ್ 1985ರಲ್ಲೇ ಲೆವೆಲ್ ಕ್ರಾಸಿಂಗ್ ಅಪಘಾತಗಳಿಗೆ ಇದನ್ನು ಒಂದು ಕಾರಣವಾಗಿ ಮುಂದಿಟ್ಟರು. ಮುಂದೆ ನ್ಯೂಜಿಲೆಂಡಿನ ಸಂಶೋಧಕರು ಪರದೆಯ ಮೇಲೆ ರೈಲನ್ನೂ ಕಾರನ್ನೂ ಓಡಿಸಿ ತೋರಿಸಿ ಪರೀಕ್ಷಿಸಿದಾಗ, ನೋಡಿದವರು ರೈಲಿನ ವೇಗವನ್ನೇ ಕಡಿಮೆ ಅಂದಾಜಿಸಿದರು. ರಸ್ತೆಯಲ್ಲಿ ಲಾರಿ, ಬಸ್ಸುಗಳನ್ನು ಅಂದಾಜು ಹಾಕಿ ಪಳಗಿದ ಕಣ್ಣೂ ಹಳಿಯ ಮೇಲೆ ಎಡವುತ್ತದೆ. ಡ್ರೈವರ್ ಎಷ್ಟು ವರ್ಷದ ಅನುಭವಸ್ಥ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಈಗ ಕಬ್ಬೋ ಭತ್ತವೋ ಹೇರಿದ ಎರಡು ಟ್ರಾಲಿಯ ಟ್ರ್ಯಾಕ್ಟರನ್ನು ತೆಗೆದುಕೊಳ್ಳಿ. ಒಟ್ಟು ಉದ್ದ ಹದಿಮೂರು ಮೀಟರ್ ಹಿಡಿಯೋಣ. ಹಳಿಗೆ ಐದು ಮೀಟರ್ ಈಚೆ ನಿಂತಿದ್ದು, ಮೊದಲ ಗೇರಿನಲ್ಲಿ ಗಂಟೆಗೆ ಐದು ಕಿ.ಮೀ. ವೇಗದಲ್ಲಿ ಹೊರಟರೆ, ಹಿಂದಿನ ಟ್ರಾಲಿಯ ಬಾಲ ಹಳಿ ಬಿಟ್ಟು ಆಚೆ ಸೇರುವಷ್ಟರಲ್ಲಿ ಹದಿನಾರು ಸೆಕೆಂಡು. ಜೋಡಿ ಹಳಿಯಾದರೆ ಇಪ್ಪತ್ತು. ಗೇಟಿನಿಂದ 600 ಮೀಟರ್ ದೂರದಲ್ಲಿ ಹಳಿಯ ಪಕ್ಕ ಸೀಟಿ ಹಾಕಲು ಸೂಚಿಸುವ ಫಲಕವಿರುತ್ತದೆ. ಅಲ್ಲಿ ಹಾರ್ನ್ ಕೇಳಿದ ಮೇಲೆ ಗಂಟೆಗೆ 100 ಕಿ.ಮೀ. ವೇಗದ ರೈಲು ಗೇಟು ಮುಟ್ಟಲು ಇಪ್ಪತ್ತೊಂದೋ ಇಪ್ಪತ್ತೆರಡೋ ಸೆಕೆಂಡು ಸಾಕು. ಟ್ರ್ಯಾಕ್ಟರಿನ ಸದ್ದಿನಲ್ಲಿ ಆ ಹಾರ್ನ್ ಕಿವಿಗೆ ಬೀಳದೆಯೂ ಹೋಗಬಹುದು. ಜೋಡಿ ಹಳಿಯಲ್ಲಿ ಒಂದು ಗಾಡಿ ದಾಟಿತೆಂದು ಹೆಜ್ಜೆ ಇಟ್ಟರೆ, ಅದರ ಮರೆಯಲ್ಲಿ ಎದುರಿನಿಂದ ಇನ್ನೊಂದು ಬರುತ್ತಿರುವುದು ಕಾಣುವುದೂ ಇಲ್ಲ.

ಹಾಗಾದರೆ ರೈಲನ್ನು ನಿಲ್ಲಿಸಬಾರದೇ? ಅದಿರು ತುಂಬಿದ ಒಂದು ರೇಕಿನಲ್ಲಿ 58 ವ್ಯಾಗನ್ನುಗಳಿರುತ್ತವೆ. ಉದ್ದ 600 ಮೀಟರ್ ಮೀರುತ್ತದೆ, ತೂಕ ಸುಮಾರು 5,000 ಟನ್. ಎಂಜಿನ್ನಿನಿಂದ ಕೊನೆಯ ವ್ಯಾಗನ್ನಿನವರೆಗೆ ಒಂದೇ ಗಾಳಿಯ ಕೊಳವೆ ಹಾದಿರುತ್ತದೆ. ಅದರಲ್ಲಿ ಚದರ ಸೆಂಟಿಮೀಟರಿಗೆ ಐದು ಕಿಲೊ ಒತ್ತಡ. ಲೋಕೊ ಪೈಲಟ್ ಹಿಡಿಕೆ ತಿರುಗಿಸಿ ಗಾಳಿ ಹೊರಬಿಟ್ಟರೆ ಒತ್ತಡ ಇಳಿಯುತ್ತದೆ. ಇಳಿದದ್ದನ್ನು ಪ್ರತಿ ವ್ಯಾಗನ್ನಿನ ಕವಾಟ ಗುರುತಿಸಿ, ತನ್ನದೇ ತೊಟ್ಟಿಯಲ್ಲಿ ಕೂಡಿಟ್ಟ ಗಾಳಿಯನ್ನು ಬ್ರೇಕಿನ ಸಿಲಿಂಡರಿಗೆ ಬಿಡುತ್ತದೆ. ಕೊಳವೆ ಒಡೆದರೂ, ಕೊಂಡಿ ಕಳಚಿದರೂ ಬ್ರೇಕು ತಾನಾಗಿ ಬೀಳುತ್ತದೆ. ಬಹಳ ಒಳ್ಳೆಯ ಏರ್ಪಾಡು. ಆದರೆ ಗೂಡ್ಸ್ ಗಾಡಿಯಲ್ಲಿ ಈ ಸಿಲಿಂಡರು ಪೂರ್ತಿ ತುಂಬಲು 18ರಿಂದ 30 ಸೆಕೆಂಡು ಬೇಕು. ಬೇಕೆಂದೇ ಹಾಗೆ ನಿಧಾನ ಮಾಡಿದ್ದಾರೆ. ಮುಂದಿನ ವ್ಯಾಗನ್ನುಗಳು ತಟ್ಟನೆ ಕಚ್ಚಿಕೊಂಡರೆ, ಸುದ್ದಿ ಇನ್ನೂ ಮುಟ್ಟದ ಹಿಂದಿನವು ಅವುಗಳ ಮೇಲೆ ಬಂದು ಬೀಳುತ್ತವೆ, ಹಳಿಯೂ ತಪ್ಪಬಹುದು. ಹೀಗೆ ಗಂಟೆಗೆ 75 ಕಿ.ಮೀ. ವೇಗದ ಗಾಡಿ ಬ್ರೇಕು ಪೂರ್ತಿ ಬಿಗಿಯುವುದರೊಳಗೇ ಮುನ್ನೂರು ಮೀಟರಿಗೂ ಹೆಚ್ಚು ಸಾಗಿರುತ್ತದೆ. ಆಮೇಲಾದರೂ ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ. ಒಣ ಡಾಂಬರಿನ ಮೇಲೆ ಟಯರಿಗೆ ಸಿಗುವ ಹಿಡಿತದ ಒಂದು ಪಾಲಷ್ಟೇ ಅಲ್ಲಿ ಸಿಗುವುದು. ಮುಂದಿನ ಸಿಗ್ನಲ್ ಕೆಂಪೆಂದು ತಿಳಿಸುವ ಡಿಸ್ಟೆಂಟ್ ಸಿಗ್ನಲ್ಲನ್ನು ರೈಲ್ವೆ ಕನಿಷ್ಠ ಒಂದು ಕಿ.ಮೀ. ಹಿಂದೆ ನಿಲ್ಲಿಸುವುದು ಇದಕ್ಕೇ. ಗೇಟಿನ ಮೇಲೆ ಟ್ರ್ಯಾಕ್ಟರು ನಿಂತಿರುವುದು ಲೋಕೊ ಪೈಲಟ್ಟನ ಕಣ್ಣಿಗೆ ಬೀಳುವ ಹೊತ್ತಿಗೆ ಅವರ ಕೈಯಲ್ಲಿ ಉಳಿಯುವುದು ಹಾರ್ನ್ ಮಾತ್ರ. ಆ ಕೆಲವು ಸೆಕೆಂಡುಗಳನ್ನು ಕಣ್ಣಾರೆ ನೋಡಬೇಕಾದ ಅವರ ಸಂಕಟವನ್ನು ಗೇಟಿನಡಿ ನುಸುಳುವವರು ಒಮ್ಮೆಯಾದರೂ ಯೋಚಿಸಬೇಕು.

ಕಣ್ಣನ್ನು ನಂಬುವಂತಿಲ್ಲ, ಬ್ರೇಕನ್ನೂ ನಂಬುವಂತಿಲ್ಲ ಎಂದಮೇಲೆ ತೀರ್ಮಾನವನ್ನು ಯಂತ್ರದ ಕೈಗೆ ಕೊಟ್ಟದ್ದೇ ಇಂಟರ್‌ಲಾಕ್ ಮಾಡಿದ ಗೇಟು. ಗೇಟು ಪೂರ್ತಿ ಬಿದ್ದು ಬೀಗ ಕಚ್ಚಿಕೊಳ್ಳದೆ ರೈಲಿಗೆ ಸಿಗ್ನಲ್ ಕೊಡಲು ಬರುವುದಿಲ್ಲ. ಸಿಗ್ನಲ್ ಕೊಟ್ಟ ಮೇಲೆ ಗೇಟ್‌ಮನ್ ಮನಸ್ಸು ಮಾಡಿದರೂ ಗೇಟು ಏಳುವುದಿಲ್ಲ. “ರೈಲು ಕಾಣ್ತಿಲ್ಲ, ಸ್ವಲ್ಪ ಎತ್ರಿ ಅಣ್ಣ” ಎಂದು ಅವರ ಮೇಲೆ ರೇಗುವುದು ವ್ಯರ್ಥ. ಇಂಟರ್‌ಲಾಕ್ ಇಲ್ಲದ ಗೇಟುಗಳಲ್ಲಿ ಸ್ಟೇಷನ್ ಮಾಸ್ಟರೂ ಗೇಟ್‌ಮನ್ನೂ ಫೋನಿನಲ್ಲಿ ಗುಪ್ತಸಂಖ್ಯೆ ವಿನಿಮಯ ಮಾಡಿಕೊಂಡು ಕೆಲಸ ನಡೆಸುತ್ತಾರೆ. ಅಲ್ಲಿ ಮನುಷ್ಯನ ಮರೆವಿಗೆ ಜಾಗ ಉಳಿಯುತ್ತದೆ. 2025ರ ಜುಲೈ 8ರಂದು ತಮಿಳುನಾಡಿನ ಕಡಲೂರಿನ ಬಳಿ ಶಾಲಾ ವ್ಯಾನಿಗೆ ರೈಲು ಗುದ್ದಿ ಮಕ್ಕಳು ಸತ್ತದ್ದು ಇಂಥ, ಇಂಟರ್‌ಲಾಕ್ ಇಲ್ಲದ ಗೇಟಿನಲ್ಲೇ.

ಕಾವಲಿಲ್ಲದ ಗೇಟುಗಳ ಕಾಲ ಬ್ರಾಡ್‌ಗೇಜ್ ಹಳಿಗಳ ಮೇಲೆ 2019ರ ಜನವರಿಗೆ ಮುಗಿಯಿತು. ಅಂಥ ಕಡೆ ಗಾಡಿ ನಿಲ್ಲಿಸಿ, ಕ್ಲೀನರ್ ಇಳಿದು ಹಳಿಯವರೆಗೆ ನಡೆದು, ರೈಲು ಬರುತ್ತಿಲ್ಲವೆಂದು ಖಚಿತ ಮಾಡಿಕೊಂಡು ಗಾಡಿಯನ್ನು ದಾಟಿಸಬೇಕು ಎಂದು 1988ರ ಮೋಟಾರು ವಾಹನ ಕಾಯ್ದೆಯಲ್ಲೇ ಬರೆದಿದೆ. ಪಾಲಿಸಿದವರು ಕೆಲವರು, ತೆತ್ತವರು ಹಲವರು.

ಗೇಟು ಹಾಕಿದ್ದರೂ ಸಾಲದು ಎಂದು ತೋರಿಸಿದ್ದು ಆಂಧ್ರದ ಪೆನುಕೊಂಡ. 2015ರ ಆಗಸ್ಟ್ 24ರ ನಸುಕಿನಲ್ಲಿ ಬೆಂಗಳೂರಿನಿಂದ ನಾಂದೇಡಕ್ಕೆ ಹೊರಟಿದ್ದ ಎಕ್ಸ್‌ಪ್ರೆಸ್ ಅಲ್ಲಿ ದಾಟುತ್ತಿದ್ದಾಗ, ಗ್ರಾನೈಟ್ ಹೇರಿದ ಲಾರಿ ಮುಚ್ಚಿದ ಗೇಟನ್ನು ಮುರಿದು ಬಂದು ಬೋಗಿಗೆ ಗುದ್ದಿತು. ದೇವದುರ್ಗದ ಶಾಸಕ ಎ. ವೆಂಕಟೇಶ ನಾಯಕ ಸೇರಿ ಹಲವರು ತೀರಿಕೊಂಡರು. ಗೇಟಿನ ಕಂಬಿ ಬೈಕನ್ನು ತಡೆಯಬಹುದು. ಕಲ್ಲು, ಅದಿರು ತುಂಬಿಕೊಂಡು ಬ್ರೇಕು ಹಿಡಿಯದೆ ಬಂದ ಲಾರಿಗೆ ಅದು ಲೆಕ್ಕಕ್ಕಿಲ್ಲ. ಸಂಡೂರಿನ ರಸ್ತೆಗಳಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ಹಾಗಾಗಿ ಹಳಿಯನ್ನೂ ರಸ್ತೆಯನ್ನೂ ಮೇಲೆ ಕೆಳಗೆ ಬೇರ್ಪಡಿಸುವುದೇ ನಿಜವಾದ ಪರಿಹಾರ. ದೇಶದ ಎಲ್ಲ ಲೆವೆಲ್ ಕ್ರಾಸಿಂಗುಗಳನ್ನೂ ಐದು ವರ್ಷದಲ್ಲಿ ತೆಗೆದುಹಾಕಿ ಎಂದು ರೈಲ್ವೆ ಸುರಕ್ಷತೆ ಪರಿಶೀಲಿಸಿದ ಅನಿಲ್ ಕಾಕೋಡ್ಕರ್ ಸಮಿತಿ 2012ರಲ್ಲೇ ಹೇಳಿತ್ತು.

ಮೇಲ್ಸೇತುವೆ ಎಲ್ಲಿ ಬೇಕೆಂದು ನಿರ್ಧರಿಸಲು ರೈಲ್ವೆಯವರದೊಂದು ಅಳತೆಯಿದೆ. ದಿನಕ್ಕೆ ಓಡುವ ರೈಲುಗಳ ಸಂಖ್ಯೆಯನ್ನು ಗೇಟು ದಾಟುವ ವಾಹನಗಳ ಸಂಖ್ಯೆಯಿಂದ ಗುಣಿಸುತ್ತಾರೆ. ಗುಣಲಬ್ಧ ಒಂದು ಲಕ್ಷ ಮುಟ್ಟಿದರೆ ಖರ್ಚು ಹಂಚಿಕೊಂಡು ಸೇತುವೆ ಕಟ್ಟಲು ಆ ಗೇಟು ಅರ್ಹ. ಈ ಎಣಿಕೆಯಲ್ಲಿ ಕಾರೂ ಒಂದು, ಲಾರಿಯೂ ಒಂದು, ಎತ್ತಿನ ಗಾಡಿಯೂ ಒಂದು, ಬೈಕು ಕಾಲು. ದಾಟಲು ಹದಿನಾರು ಸೆಕೆಂಡು ಹಿಡಿಯುವ ಎರಡು ಟ್ರಾಲಿಯ ಟ್ರ್ಯಾಕ್ಟರಿಗೂ, ಮೂರು ಸೆಕೆಂಡಿನಲ್ಲಿ ದಾಟುವ ಕಾರಿಗೂ ಅಲ್ಲಿ ಭೇದವಿಲ್ಲ. ನನ್ನ ದೃಷ್ಟಿಯಲ್ಲಿ ಹಳ್ಳಿಯ ಗೇಟುಗಳಿಗೆ ಅನ್ಯಾಯವಾಗುವುದು ಇಲ್ಲೇ. ನಮ್ಮ ಗ್ರಾಮ ಪಂಚಾಯಿತಿಗಳು ಹುಬ್ಬಳ್ಳಿಯ ವಿಭಾಗೀಯ ಕಚೇರಿಗೆ ಬರೆದು ಕೇಳಬೇಕು: ಎಣಿಕೆ ಸುಗ್ಗಿಯ ತಿಂಗಳಲ್ಲಿ ನಡೆಯಲಿ, ಗಾಡಿಯ ಉದ್ದವೂ ಹೊರೆಯೂ ಲೆಕ್ಕಕ್ಕೆ ಬರಲಿ ಎಂದು. ಕೆಳಸೇತುವೆ ಕೊಡುವುದಾದರೆ ಮಳೆನೀರು ಹರಿದುಹೋಗುವ ಚರಂಡಿಯನ್ನೂ ಅದೇ ನಕ್ಷೆಯಲ್ಲಿ ತೋರಿಸಿ ಎಂದೂ ಬರೆಯಬೇಕು. ಸೊಂಟದುದ್ದ ನೀರು ನಿಂತರೆ ಜನ ಮತ್ತೆ ಹಳಿ ಹತ್ತಿಯೇ ದಾಟುತ್ತಾರೆ, ಆಗ ಅಲ್ಲಿ ಗೇಟೂ ಇರುವುದಿಲ್ಲ, ಗೇಟ್‌ಮನ್ನೂ ಇರುವುದಿಲ್ಲ.